ಅರ್ಧಶಕ್ತಿಯ ಪ್ರವಾಸ: ಮಹಾನಗರ ನೋಡಲು ಹೊರಡುವ ಕುಟುಂಬಗಳಿಗೆ ಒಂದು ಮಾತು

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ನಿಂತಾಗ, ಇಲ್ಲವೆ ಮಕ್ಕಳ ಶಾಲೆಗೆ ಬೇಸಿಗೆಯ ರಜೆ ಬಿದ್ದಾಗ, ಮಾದನಹಿಪ್ಪರಗಾ, ಆಳಂದ, ಅಫಜಲಪುರ, ಜೇವರ್ಗಿ ಭಾಗದ ಕುಟುಂಬಗಳು ಮಹಾನಗರಗಳತ್ತ ಹೊರಡುವುದು ಈಗ ವಾಡಿಕೆಯಾಗಿದೆ. ಸೊಲ್ಲಾಪುರವಂತೂ ನಮಗೆ ನೆರೆಮನೆ ಇದ್ದಂತೆ. ಕಲಬುರಗಿಯಲ್ಲಿ ಹತ್ತಿದವರನ್ನು ಉದ್ಯಾನ್ ಎಕ್ಸ್‌ಪ್ರೆಸ್ ಒಂದು ದಿಕ್ಕಿನಲ್ಲಿ ಮುಂಬಯಿಗೂ ಇನ್ನೊಂದು ದಿಕ್ಕಿನಲ್ಲಿ ಬೆಂಗಳೂರಿಗೂ ಒಯ್ಯುತ್ತದೆ. ಬಸವ ಎಕ್ಸ್‌ಪ್ರೆಸ್ ಮೈಸೂರಿನವರೆಗೆ ತಲುಪಿಸುತ್ತದೆ. ಇನ್ನು ಹೈದರಾಬಾದಿನ ನಂಟು ಹಳೆಯದು. 1948ರವರೆಗೆ ನಿಜಾಮರ ಆಡಳಿತದಲ್ಲಿಯೂ, ಆ ಬಳಿಕ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೂ ಇದ್ದ ನಮ್ಮ ಹಿರಿಯರಿಗೆ ಅದೇ ರಾಜಧಾನಿ. ಅವರು ಕೋರ್ಟು, ಕಾಲೇಜು, ದವಾಖಾನೆಗಳ ಕೆಲಸಕ್ಕೆಂದು ಅಲ್ಲಿಗೆ ಹೋಗುತ್ತಿದ್ದರು. ಇಂದು ನಾವು ಹೆಂಡತಿ ಮಕ್ಕಳೊಡನೆ ನೋಡಿ ನಲಿಯಲು ಹೋಗುತ್ತೇವೆ. ಇದು ಸಂತೋಷಪಡಬೇಕಾದ ಬದಲಾವಣೆ. ಕುಟುಂಬವು ಒಟ್ಟಿಗೆ ಊರು ಸುತ್ತುವುದನ್ನು ನಾವು ದುಂದುವೆಚ್ಚವೆಂದು ಭಾವಿಸುವುದಿಲ್ಲ. ಅದು ಮನಸ್ಸಿಗೆ ಬೇಕಾದ ಪಥ್ಯವೇ ಸರಿ.

ಆದರೆ ಈ ಪ್ರವಾಸಗಳನ್ನು ಯೋಜಿಸುವ ರೀತಿಯ ಬಗ್ಗೆ ನಮಗೆ ತಕರಾರಿದೆ. ಹೈದರಾಬಾದಿಗೆ ಒಂದು ದಿನದ ಮಟ್ಟಿಗೆ ಹೋಗುವವರ ಪಟ್ಟಿಯನ್ನು ನೋಡಿರಿ: ಬೆಳಿಗ್ಗೆ ಚಾರ್‌ಮಿನಾರ್, ಅದರ ಪಕ್ಕದ ಮಕ್ಕಾ ಮಸೀದಿ, ಸಾಲಾರ್ ಜಂಗ್ ವಸ್ತುಸಂಗ್ರಹಾಲಯ, ಮಧ್ಯಾಹ್ನ ಗೋಲ್ಕೊಂಡ ಕೋಟೆ, ಸಂಜೆ ಬಿರ್ಲಾ ಮಂದಿರ, ಹುಸೇನ್ ಸಾಗರ, ರಾತ್ರಿ ಮತ್ತೆ ರೈಲು. ಗೋಲ್ಕೊಂಡದ ತುದಿ ಮುಟ್ಟಲು ಮುನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಸಾಲಾರ್ ಜಂಗ್‌ನ ಕೋಣೆಗಳನ್ನು ಸಾವಧಾನವಾಗಿ ನೋಡಲು ಒಂದು ದಿನವೂ ಸಾಲದು. ಇವೆಲ್ಲವನ್ನೂ ಹನ್ನೆರಡು ತಾಸುಗಳಲ್ಲಿ ಮುಗಿಸಿದವರು ಊರನ್ನು ಮುಟ್ಟಿ ಬಂದಿರುತ್ತಾರೆಯೇ ಹೊರತು ನೋಡಿ ಬಂದಿರುವುದಿಲ್ಲ. ರಜೆ ಕಳೆದ ಮೇಲೆ ನಮ್ಮ ಚಿಕಿತ್ಸಾಲಯಕ್ಕೆ ಬರುವವರ ಮೊಣಕಾಲು ಬಾವು, ಉರಿಮೂತ್ರ, ಭೇದಿ, ಮಲಬದ್ಧತೆ, ನಿದ್ರಾಹೀನತೆಗಳನ್ನು ಕಂಡಾಗಲೆಲ್ಲ ಈ ಪಟ್ಟಿಯೇ ನೆನಪಿಗೆ ಬರುತ್ತದೆ.

ವ್ಯಾಯಾಮವನ್ನು ಎಷ್ಟು ಮಾಡಬೇಕೆಂಬ ಪ್ರಶ್ನೆಗೆ ಆಯುರ್ವೇದವು ಸ್ಪಷ್ಟ ಉತ್ತರ ಕೊಟ್ಟಿದೆ. ಬಲವಂತರು ಕೂಡ ಶೀತಕಾಲದಲ್ಲಿ ಹಾಗೂ ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ಶ್ರಮಿಸಬೇಕು; ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ. ಇದನ್ನು ‘ಅರ್ಧಶಕ್ತಿ’ ಎನ್ನುತ್ತಾರೆ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರೊಡೆದು, ಬಾಯಿಂದ ಉಸಿರಾಡುವ ಸ್ಥಿತಿ ಬಂದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಅಲ್ಲಿಗೆ ನಿಲ್ಲಬೇಕು, ಕುಳಿತುಕೊಳ್ಳಬೇಕು. ಊರು ನೋಡುವುದೂ ಶ್ರಮವೇ. ಆದ್ದರಿಂದ ಪ್ರವಾಸಕ್ಕೂ ಇದೇ ಅಳತೆಗೋಲು ಸಲ್ಲುತ್ತದೆ. ಆ ಅರ್ಧಶಕ್ತಿ ಯಾರದು ಎಂದರೆ, ಕಾರು ನಡೆಸುವ ಮೂವತ್ತರ ಹರೆಯದ ಮಗನದಲ್ಲ. ಜೊತೆಗಿರುವ ಎಪ್ಪತ್ತರ ಅಜ್ಜಿಯದು, ಐದು ವರ್ಷದ ಮೊಮ್ಮಗಳದು. ಕುಟುಂಬದಲ್ಲಿ ಅತಿ ನಿಧಾನವಾಗಿ ನಡೆಯುವವರ ಹೆಜ್ಜೆಯೇ ಇಡೀ ಕುಟುಂಬದ ಹೆಜ್ಜೆಯಾಗಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಇಲ್ಲಿ ಅನೇಕರು ಸುಲಭದ ದಾರಿಯೊಂದನ್ನು ಹಿಡಿಯುತ್ತಾರೆ. “ಅವ್ವನಿಗೆ ಆಗುವುದಿಲ್ಲ, ಅವಳು ಮನೆಯಲ್ಲಿರಲಿ” ಎಂದು ಬಿಟ್ಟು ಹೋಗುತ್ತಾರೆ. ಇಲ್ಲವೆ ಕರೆದೊಯ್ದು, ಕೋಟೆಯ ಬಾಗಿಲಲ್ಲಿ ಸಾಮಾನುಗಳ ಕಾವಲಿಗೆ ಕುಳ್ಳಿರಿಸಿ ತಾವು ಮೇಲೇರುತ್ತಾರೆ. ಜೀವಮಾನವಿಡೀ ಹೊಲ-ಮನೆಗಳಲ್ಲಿ ದುಡಿದ ಜೀವವು ಒಮ್ಮೆ ಕಡಲನ್ನು ಕಾಣಬೇಕೆಂದು ಬಯಸಿದರೆ ಅದು ಹೊರೆಯೆ? ಎಲಿಫೆಂಟಾದ ಸುಮಾರು 120 ಮೆಟ್ಟಿಲುಗಳನ್ನು ಏರಲಾಗದಿದ್ದರೆ ಬೇಡ. 1924ರಲ್ಲಿ ಸಿದ್ಧವಾದ ಗೇಟ್‌ವೇ ಆಫ್ ಇಂಡಿಯಾದ ಬಳಿ ಇಳಿಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಹಡಗುಗಳನ್ನು ನೋಡಬಹುದಲ್ಲ! ಬೆಂಗಳೂರಿನ ಲಾಲ್‌ಬಾಗ್ 240 ಎಕರೆಗಳಷ್ಟು ವಿಶಾಲವಾಗಿದೆ. ಅದನ್ನು ಪೂರ್ತಿ ಸುತ್ತಲೇಬೇಕೆಂದು ಯಾರೂ ವಿಧಿಸಿಲ್ಲ. ಗಾಜಿನ ಮನೆಯ ಸಮೀಪದ ಒಂದು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಎರಡು ತಾಸು ಕಳೆದರೆ ಅದೂ ಪ್ರವಾಸವೇ.

ಎರಡನೆಯ ಮಾತು ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ತಡೆಹಿಡಿಯಬಾರದ ಹದಿಮೂರು ವೇಗಗಳನ್ನು ಹೇಳಲಾಗಿದೆ. ಮೂತ್ರ, ಮಲ, ಹಸಿವು, ಬಾಯಾರಿಕೆ, ನಿದ್ರೆ, ಶ್ರಮದಿಂದ ಬಂದ ಏದುಸಿರು ಇವು ಅವುಗಳಲ್ಲಿ ಸೇರಿವೆ. ಒಂದು ದಿನದ ನಗರ ಸಂಚಾರದಲ್ಲಿ ಈ ಆರನ್ನೂ ತಡೆಯುವವಳು ಮನೆಯ ಗೃಹಿಣಿ. ಶೌಚಾಲಯ ಸಿಗುವುದೋ ಇಲ್ಲವೋ, ಸಿಕ್ಕರೂ ಸ್ವಚ್ಛವಿರುವುದೋ ಇಲ್ಲವೋ ಎಂಬ ಅಂಜಿಕೆಯಿಂದ ಆಕೆ ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಗಾಡಿ ನಿಲ್ಲಿಸಿರೆಂದು ಮಾವನವರ ಮುಂದೆ ಹೇಳಲು ಸಂಕೋಚಪಡುತ್ತಾಳೆ. ನೀರು ಕಡಿಮೆಯಾಗಿ, ಮೂತ್ರವನ್ನೂ ತಡೆದರೆ ಮೂತ್ರಮಾರ್ಗದ ಸೋಂಕಿಗೆ ದಾರಿಯಾಗುತ್ತದೆ. ಇದಕ್ಕೆ ಔಷಧಿಗಿಂತ ಮೊದಲು ಬೇಕಾದದ್ದು ಮನೆಯ ಗಂಡಸರ ವಿವೇಕ. ಎರಡು ತಾಸಿಗೊಮ್ಮೆ, ಯಾರೂ ಕೇಳದಿದ್ದರೂ, ವಾಹನ ನಿಲ್ಲಿಸುವುದನ್ನು ನಿಯಮ ಮಾಡಿಕೊಳ್ಳಬೇಕು. ಬಾಯಿ ತೆರೆದು ಕೇಳಬೇಕಾದ ಪ್ರಸಂಗವೇ ಆಕೆಗೆ ಬರಬಾರದು.

ಋತುವಿನ ವಿಚಾರವೂ ಇದೆ. ಗ್ರೀಷ್ಮದಲ್ಲಿ ದೇಹಬಲ ಕುಗ್ಗಿರುತ್ತದೆ. ಹೇಮಂತ, ಶಿಶಿರಗಳಲ್ಲಿ ಅದು ಉತ್ತಮವಾಗಿರುತ್ತದೆ. ಆದಾಗ್ಯೂ ನಾವು ಹೊರಡುವುದು ಮೇ ತಿಂಗಳಲ್ಲಿ! ನಮ್ಮ ಎರಿಭೂಮಿಯ ಒಣ ಬಿಸಿಲಿನಲ್ಲಿ ಬೆವರು ಆರಿ ಮೈ ತಂಪಾಗುತ್ತದೆ. ಮುಂಬಯಿಯ ಕಡಲ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದೇ ಇಲ್ಲ. “ನಲವತ್ತೆರಡು ಡಿಗ್ರಿ ಕಂಡವರು ನಾವು, ಮೂವತ್ತನಾಲ್ಕು ಏನು ಮಹಾ” ಎಂದು ಹೊರಟವರು ಅಲ್ಲಿ ಮಧ್ಯಾಹ್ನಕ್ಕೇ ಸೋತು ಕೂಡುವುದು ಈ ಕಾರಣದಿಂದ. ಸಾಧ್ಯವಾದರೆ ದಸರಾ ರಜೆಯನ್ನು ಆರಿಸಿಕೊಳ್ಳಿರಿ. ಬೇಸಿಗೆಯೇ ಅನಿವಾರ್ಯವಾದರೆ ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬಿಟ್ಟು ಕದಲಬೇಡಿರಿ.

“ಡಾಕ್ಟರೇ, ಮತ್ತೆ ಯಾವಾಗ ಹೋಗುತ್ತೇವೆ? ಇಷ್ಟು ಖರ್ಚು ಮಾಡಿ ಎರಡೇ ಜಾಗ ನೋಡಿ ಬರುವುದೆ?” ಎಂದು ಭಕ್ತರು ಕೇಳಬಹುದು. ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಒಕ್ಕಲು ಮಾಡುವವರಿಗೆ, ದಿನಗೂಲಿಯವರಿಗೆ ಒಂದು ದಿನ ಹೆಚ್ಚು ತಂಗುವುದೆಂದರೆ ವಸತಿಗೃಹದ ಬಾಡಿಗೆ, ಊಟದ ಖರ್ಚು ಎಲ್ಲವೂ ಬೆಳೆಯುತ್ತವೆ. ಅದಕ್ಕಾಗಿ ದಿನಗಳನ್ನು ಹೆಚ್ಚಿಸಿರೆಂದು ನಾವು ಹೇಳುತ್ತಿಲ್ಲ, ಸ್ಥಳಗಳನ್ನು ಕಡಿಮೆ ಮಾಡಿರೆಂದು ಹೇಳುತ್ತಿದ್ದೇವೆ. ಬೆಳಿಗ್ಗೆ ಒಂದು, ಸಂಜೆ ಒಂದು ಸಾಕು. ಶುಕ್ರವಾರ ಸಾಲಾರ್ ಜಂಗ್ ಮುಚ್ಚಿರುತ್ತದೆ, ಸೋಮವಾರ ಎಲಿಫೆಂಟಾ ಮುಚ್ಚಿರುತ್ತದೆ. ಇಂತಹ ಸಂಗತಿಗಳನ್ನು ಮೊದಲೇ ವಿಚಾರಿಸಿಕೊಂಡರೆ ವ್ಯರ್ಥ ಅಲೆದಾಟವೂ ತಪ್ಪುತ್ತದೆ. ಬಿಟ್ಟುಹೋದ ಸ್ಥಳಗಳು ಎಲ್ಲಿಯೂ ಓಡಿಹೋಗುವುದಿಲ್ಲ. 1591ರಿಂದ ನಿಂತಿರುವ ಚಾರ್‌ಮಿನಾರ್ ಇನ್ನೊಂದು ವರ್ಷ ನಮಗಾಗಿ ಕಾಯಬಲ್ಲದು. ಹಿರಿಯರ ಮೊಣಕಾಲು ಕಾಯಲಾರದು.

ಊಟದ ವಿಷಯದಲ್ಲಿ ನಮ್ಮ ನಾಡಿನವರು ಭಾಗ್ಯವಂತರು. ಕಡಕ್ ರೊಟ್ಟಿ, ಶೇಂಗಾ ಹಿಂಡಿಗಳು ಹಲವು ದಿನ ಕೆಡದೆ ಉಳಿಯುತ್ತವೆ, ದೇಹಕ್ಕೂ ರೂಢಿಯಾಗಿವೆ. ಮಹಾನಗರದಲ್ಲಿ ದಿನಕ್ಕೊಂದು ಹೊತ್ತಾದರೂ ಈ ಬುತ್ತಿಯನ್ನೇ ಉಂಡರೆ ಹೊಟ್ಟೆ ಕೆಡುವ ಸಂಭವ ಕಡಿಮೆ. ಮಕ್ಕಳು ಬಯಸಿದ್ದನ್ನು ಇನ್ನೊಂದು ಹೊತ್ತು ಕೊಡಿಸಿರಿ. ಬಿಸಿಯಾಗಿ ಎದುರಿಗೇ ಮಾಡಿದ್ದಿರಲಿ, ಕೊಯ್ದಿಟ್ಟ ಹಣ್ಣು, ಬೀದಿಯ ಬರ್ಫು ಬೇಡ. ಭೇದಿ ಹತ್ತಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತ ಬರಬೇಕು. ರಾತ್ರಿ ಮಲಗುವ ಮುನ್ನ ಪಾದಗಳಿಗೆ ಎಳ್ಳೆಣ್ಣೆ ತಿಕ್ಕಿಕೊಳ್ಳಿರಿ. ತಲೆ, ಕಿವಿ, ಪಾದಗಳಿಗೆ ಅಭ್ಯಂಗ ವಿಶೇಷವೆಂದು ವಾಗ್ಭಟರು ಹೇಳಿದ್ದು ಅಲೆದು ದಣಿದವರಿಗಂತೂ ಅಕ್ಷರಶಃ ಸತ್ಯ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ನಿತ್ಯದ ಮಾತ್ರೆಗಳನ್ನು ಪ್ರವಾಸದ ಸಡಗರದಲ್ಲಿ ಬಿಡಬಾರದು. ನಾವು ಆಯುರ್ವೇದದವರಾದರೂ ಈ ಮಾತನ್ನು ಒತ್ತಿ ಹೇಳುತ್ತೇವೆ. ಇನ್ಸುಲಿನ್ನನ್ನು ಬಿಸಿಲಲ್ಲಿ ನಿಂತ ವಾಹನದೊಳಗೆ ಇಡಬೇಡಿರಿ. ಹೊಸ ಚಪ್ಪಲಿಯಲ್ಲಿ ಹೊರಡಬೇಡಿರಿ. ಗುಡಿ-ಸ್ಮಾರಕಗಳ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಗುಳ್ಳೆಯೆದ್ದರೂ ಸಕ್ಕರೆ ಕಾಯಿಲೆಯವರಿಗೆ ಅರಿವಾಗದಿರಬಹುದು. ಎದೆ ಬಿಗಿತ, ತಣ್ಣನೆಯ ಬೆವರು, ಮಾತಿನ ತೊದಲು, ಬಿಸಿಲಲ್ಲಿ ಮಂಪರು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿರಿ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರರಲ್ಲಿಯೂ ಅದೇ ಸಂಖ್ಯೆ. ಮಕ್ಕಳ ಕಿಸೆಯಲ್ಲಿ ತಂದೆಯ ಫೋನ್ ನಂಬರು ಬರೆದ ಚೀಟಿಯಿರಲಿ. ಕನ್ನಡ ಬಾರದ ಊರಿನಲ್ಲಿ ಅಂಕಿಗಳನ್ನು ಎಲ್ಲರೂ ಓದಬಲ್ಲರು.

ಬರುವ ರಜೆಗೆ ಪಟ್ಟಿ ಮಾಡಲು ಕುಳಿತಾಗ ಲೇಖನಿಯನ್ನು ಒಮ್ಮೆ ಮನೆಯ ಹಿರಿಯರ ಕೈಗೆ ಕೊಟ್ಟು ನೋಡಿರಿ. “ನಿಮಗೆ ಏನು ನೋಡುವ ಆಸೆಯಿದೆ?” ಎಂದು ಕೇಳಿರಿ. ಅವರು ಬಹುಶಃ ಒಂದೋ ಎರಡೋ ಹೆಸರನ್ನಷ್ಟೇ ಹೇಳುತ್ತಾರೆ. ಇಡೀ ಕುಟುಂಬದ ಆರೋಗ್ಯಕ್ಕೆ ಅಷ್ಟು ಪಟ್ಟಿ ಸಾಕು.