ಹ್ಯಾಮ್ ರೇಡಿಯೊಗೆ ದುಡ್ಡು ಹಾಕುವುದಾದರೆ ಟವರಿಗೆ ಹಾಕಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಕುಸಿದಾಗ ಎಷ್ಟೋ ಮನೆಗಳ ಫೋನ್ ಸತ್ತುಹೋಗಿತ್ತು. ಮೊಬೈಲ್ ಟವರಿಗೆ ಕರೆಂಟ್ ಬೇಕು. ಕರೆಂಟ್ ಹೋದರೆ ಬ್ಯಾಟರಿ, ಅದೂ ಮುಗಿದರೆ ಡೀಸೆಲ್. ರಸ್ತೆಯೇ ಜರಿದ ಮೇಲೆ ಡೀಸೆಲ್ ತರುವವರು ಯಾರು? ರಸ್ತೆ ಬದಿಯಲ್ಲಿ ಹೂತ ಕೇಬಲ್ಲೂ ಮಣ್ಣಿನ ಜೊತೆಗೇ ಹೋಗುತ್ತದೆ.

ಅಂಥ ಹೊತ್ತಿಗೆ ಉಳಿಯುವುದು ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್. ಕಾರಿನ 12 ವೋಲ್ಟ್ ಬ್ಯಾಟರಿ ಇದ್ದರೆ ಸಾಕು, ಮಾತಾಡುತ್ತದೆ. 2024ರ ಜುಲೈ 30ರಂದು ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ಹ್ಯಾಮ್‌ಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲೇ ಕೇಂದ್ರ ತೆರೆದು ಸುದ್ದಿ ದಾಟಿಸಿದ್ದರು.

ಆದರೆ ಕಾಲೇಜಾಗಲಿ, ಇಲಾಖೆಯಾಗಲಿ, ದುಡ್ಡು ಕೊಡಲು ಬಂದವರು ಮೊದಲು ಕೇಳುವುದು ‘ಹೊಸ ಸೆಟ್ ಎಷ್ಟಾಗುತ್ತೆ?’ ಎಂದು. ನನ್ನ ತಕರಾರು ಇಲ್ಲೇ. ಸೆಟ್ ಫೋಟೊದಲ್ಲಿ ಚೆನ್ನಾಗಿ ಬೀಳುತ್ತದೆ, ಉದ್ಘಾಟನೆಗೂ ಅನುಕೂಲ. (ಆ ಫೋಟೊ ಪೇಪರಿಗೆ ಕಳಿಸುವವನೂ ನಾನೇ ಅನ್ನಿ.) ದುಡಿಯುವುದು ಮಾತ್ರ ಮೇಲಿರುವ ಆಂಟೆನಾ.

ಲೆಕ್ಕ ನೋಡಿ. ಹ್ಯಾಮ್‌ಗಳು ಊರೂರಿನ ನಡುವೆ ಹೆಚ್ಚಾಗಿ ಬಳಸುವುದು 144ರಿಂದ 146 ಮೆಗಾಹರ್ಟ್ಸ್. ಈ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಬಯಲಲ್ಲಿ 6 ಮೀಟರ್ ಎತ್ತರದ ಆಂಟೆನಾಕ್ಕೆ ಸುಮಾರು 10 ಕಿಲೋಮೀಟರ್ ಕಾಣುತ್ತದೆ, 24 ಮೀಟರಿಗೇರಿಸಿದರೆ 20. ಗುಡ್ಡಗಾಡಿನಲ್ಲಿ ಮರ, ದಿಬ್ಬ ದಾಟಲು ಎತ್ತರ ಇನ್ನೂ ಮುಖ್ಯ.

ಎತ್ತರಿಸಿದ ಮೇಲೆ ಕೇಬಲ್ಲಿನಲ್ಲಿ ಜಿಪುಣತನ ಮಾಡಬೇಡಿ. ಆರ್‌ಜಿ-58 ಎಂಬ ತೆಳ್ಳಗಿನ ಕೇಬಲ್ 30 ಮೀಟರ್ ಹಾಕಿದರೆ ಈ ಅಲೆಯ ಮುಕ್ಕಾಲು ಪಾಲು ಶಕ್ತಿ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ದಪ್ಪ ಆರ್‌ಜಿ-213ರಲ್ಲಿ ಅರ್ಧಕ್ಕಿಂತ ಹೆಚ್ಚು ಮೇಲೆ ತಲುಪುತ್ತದೆ. ಜಾಯಿಂಟಿಗೆ ಮಳೆನೀರು ಇಳಿದರೆ ಎರಡೂ ಒಂದೇ.

ಎಲ್ಲದಕ್ಕೂ ಟವರ್ ಬೇಕೆಂದೂ ಇಲ್ಲ. 7 ಮೆಗಾಹರ್ಟ್ಸ್‌ಗೆ 20 ಮೀಟರ್ ತಂತಿಯನ್ನು ಮಧ್ಯಕ್ಕೆ ಕತ್ತರಿಸಿ, ಕೇಬಲ್ ಸೇರಿಸಿ, ಎರಡು ಸಿಲ್ವರ್ ಮರಗಳ ನಡುವೆ ಏಳೆಂಟು ಮೀಟರ್ ಎತ್ತರದಲ್ಲಿ ಕಟ್ಟಿದರೆ ಅಲೆ ನೇರ ಆಕಾಶಕ್ಕೆ ಹೋಗಿ ವಾಪಸ್ ಬೀಳುತ್ತದೆ. ನಡುವೆ ಎಷ್ಟು ಗುಡ್ಡವಿದ್ದರೂ ಲೆಕ್ಕಕ್ಕಿಲ್ಲ. ಹಗಲಲ್ಲಿ ಮಡಿಕೇರಿಯಿಂದ ಬೆಂಗಳೂರಿಗೆ ಹೀಗೆ ಮಾತಾಡಬಹುದು. ಪರವಾನಗಿ ಇರಬೇಕು, ಅಷ್ಟೆ. 12 ವರ್ಷ ತುಂಬಿದ ಯಾರೂ ಪರೀಕ್ಷೆ ಬರೆದು ಅದನ್ನು ಪಡೆಯಬಹುದು.

ಟವರ್ ಮಾತ್ರ ಹುಡುಗಾಟದ ಕೆಲಸವಲ್ಲ. ಕಾಂಕ್ರೀಟ್ ಬುಡ, ಮೂರು ದಿಕ್ಕಿಗೆ ಸ್ಟೇ ವೈರ್, ಸಿಡಿಲಿಗೆ ಸರಿಯಾದ ಅರ್ತಿಂಗ್ ಬೇಕು. ಬಿದ್ದರೂ ಕರೆಂಟ್ ಲೈನಿಗೆ ತಾಗದಷ್ಟು ದೂರದಲ್ಲಿರಬೇಕು. ಬೆಲ್ಟ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ.

ಟವರ್ ಅಂದ ಕೂಡಲೇ ‘ರೇಡಿಯೇಷನ್’ ಎಂದು ಪಂಚಾಯ್ತಿಗೆ ಅರ್ಜಿ ಹಾಕುವವರು ಇದೊಂದು ತಿಳಿದಿರಲಿ. ಇದು ಮೊಬೈಲ್ ಟವರಿನಂತೆ ಹಗಲೂ ರಾತ್ರಿ ಅಲೆ ಬಿಡುವುದಿಲ್ಲ. ಗುಂಡಿ ಒತ್ತಿ ಮಾತಾಡುವಾಗ ಮಾತ್ರ ಬಿಡುತ್ತದೆ.

ಜಿಲ್ಲೆಯ ವಿಪತ್ತು ನಿರ್ವಹಣೆಯವರು ತಮ್ಮ ವ್ಯಾಪ್ತಿಯ ಹ್ಯಾಮ್‌ಗಳನ್ನು ಕರೆಸಿ, ಯಾರ ಟವರ್ ತುಕ್ಕು ಹಿಡಿದಿದೆ, ಯಾರ ಕೇಬಲ್ ಹಳತಾಗಿದೆ ಎಂದು ಬರೆದುಕೊಂಡು ದುಡ್ಡು ಬಿಡುಗಡೆ ಮಾಡಲಿ. ಏಪ್ರಿಲ್ ಬಂದರೆ ಗುಡುಗು ಸಿಡಿಲು, ಜೂನ್‌ನಲ್ಲಿ ಮಳೆ. ಮೇಲೆ ಹತ್ತಿ ಕೆಲಸ ಮಾಡಲು ಇರುವುದು ಜನವರಿಯಿಂದ ಮಾರ್ಚ್‌ವರೆಗೆ.