ಹತ್ತನೇ ತರಗತಿಯ ಮಕ್ಕಳಿಗಾಗಿ ಶಹಾಪುರದ ನಾಗರಿಕರಲ್ಲಿ ಮನವಿ



2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಉಡುಪಿ ಜಿಲ್ಲೆಯ ಫಲಿತಾಂಶ ಶೇ 94. ನಮ್ಮ ಯಾದಗಿರಿಯದು ಶೇ 50.59, ರಾಜ್ಯದಲ್ಲೇ ಕೊನೆಯ ಸ್ಥಾನ. ಫಲಿತಾಂಶ ಬಂದಾಗ ಮಾಸ್ತರರನ್ನು ಬೈಯುತ್ತೇವೆ, ಮಕ್ಕಳನ್ನು ದಡ್ಡರೆನ್ನುತ್ತೇವೆ. ಸರ್ಕಾರಿ ಶಾಲೆಯ ಹಾಜರಿ ಪುಸ್ತಕ ತೆರೆದು ನೋಡುವವರು ಕಡಿಮೆ.

ಹತ್ತಿ ಒಡೆಯುವ ಹೊತ್ತಿಗೆ ಆ ಪುಸ್ತಕದಲ್ಲಿ ಗೈರುಹಾಜರಿ ಏರುತ್ತದೆ. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದ್ದು. ಅವ್ವನ ಜೊತೆ ಮಗಳೂ ಸಾಲು ಹಿಡಿದರೆ ಸಂಜೆ ತೂಕ ಹೆಚ್ಚು, ಮನೆಗೆ ನಾಲ್ಕು ಕಾಸು ಹೆಚ್ಚು. ಒಣಕಾಯಿಯ ಚೂಪು ತುದಿಗೆ ಬೆರಳು ಗೀರಿಸಿಕೊಂಡು ಆಕೆ ಮರಳಿ ತರಗತಿಗೆ ಬರುವಷ್ಟರಲ್ಲಿ ಗಣಿತ ಎರಡು ಪಾಠ ಮುಂದೆ ಹೋಗಿರುತ್ತದೆ. ಮನೆಯಲ್ಲಿ ಹೇಳಿಕೊಡುವವರಿಲ್ಲ, ಟ್ಯೂಷನ್ನಿಗೆ ದುಡ್ಡಿಲ್ಲ. ಇನ್ನು ಕೆಲವರ ಅಪ್ಪ-ಅವ್ವ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಒಲೆ ಹಚ್ಚುವುದು, ತಮ್ಮ-ತಂಗಿಯರನ್ನು ನೋಡಿಕೊಳ್ಳುವುದು ಹಿರಿಮಗಳ ಪಾಲು. ಬಡತನ ಈ ಮಕ್ಕಳಿಂದ ಕಸಿಯುತ್ತಿರುವುದು ಓದುವ ದಿನಗಳನ್ನು.

ಖಾಲಿ ಶಿಕ್ಷಕ ಹುದ್ದೆ ತುಂಬುವುದು, ಗುಳೆ ಹೋದವರ ಮಕ್ಕಳಿಗೆ ವಸತಿ ಒದಗಿಸುವುದು ಸರ್ಕಾರದ ಹೊಣೆ. ಅದನ್ನು ಕೇಳುತ್ತಲೇ ಇರೋಣ. ಕಳೆದುಹೋದ ದಿನಗಳನ್ನು ತುಂಬಿಕೊಡುವ ಕೆಲಸ ಮಾತ್ರ ಊರಿನವರಿಂದ ಈಗಲೇ ಆಗಬಲ್ಲದು.

ಹೊಲದ ಮಾಲೀಕರೇ, ಶಾಲೆಯ ದಿನ ಮಕ್ಕಳನ್ನು ಕೂಲಿಗೆ ಕರೆಯಬೇಡಿ. 14 ವರ್ಷದೊಳಗಿನವರನ್ನು ದುಡಿಸುವುದು ಅಪರಾಧ. ಅದಕ್ಕಿಂತ ದೊಡ್ಡ ಮಕ್ಕಳನ್ನೂ ಪರೀಕ್ಷೆ ಮುಗಿಯುವವರೆಗೆ ಓದಲು ಬಿಡಿ. ದೊಡ್ಡವರಿಗೆ ಕಿಲೋಗೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟರೆ ಮಗುವಿನ ಕೈ ಬೇಕಾಗುವುದಿಲ್ಲ.

ಓಣಿಯ ಹಿರಿಯರೇ, ಸಮುದಾಯ ಭವನದಲ್ಲೋ ಗುಡಿಯಲ್ಲೋ ಮಸೀದಿಯಲ್ಲೋ ಸಂಜೆ 6ರಿಂದ 8ರವರೆಗೆ ಒಂದು ಕೋಣೆ, ಒಂದು ದೀಪ ಬಿಟ್ಟುಕೊಡಿ. ಪದವಿ ಓದಿದ ತರುಣ-ತರುಣಿಯರೇ, ವಾರಕ್ಕೆ ಎರಡು ಸಂಜೆ ಅಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಹೇಳಿಕೊಡಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ, ಮೂರು ದಿನ ಶಾಲೆಗೆ ಬಾರದ ಮಗುವಿನ ಮನೆಗೆ ಹೋಗಿ ಬನ್ನಿ.

ತಂದೆ-ತಾಯಿಯರೇ, ಫೇಲಾದರೆ ಓದು ಮುಗಿಯಿತೆಂದು ತಿಳಿಯಬೇಡಿ. ಮತ್ತೆ ಬರೆಯಲು ಪರೀಕ್ಷೆ-2 ಇದೆ. ಮಗಳಿಗೆ ಗಂಡು ನೋಡುವ ಮಾತು ಬಿಟ್ಟು ಮೊದಲು ಆ ಪರೀಕ್ಷೆಗೆ ಹೆಸರು ನೋಂದಾಯಿಸಿ.

ಈ ವಾರವೇ ನಿಮ್ಮ ಓಣಿಯ ಸರ್ಕಾರಿ ಪ್ರೌಢಶಾಲೆಗೆ ಹೋಗಿ ಮುಖ್ಯಗುರುಗಳನ್ನು ಕಾಣಿ. ಕೋಣೆಯೋ, ಎರಡು ಸಂಜೆಯೋ, ಮಕ್ಕಳ ಪರೀಕ್ಷಾ ಶುಲ್ಕವೋ, ನಿಮ್ಮಿಂದ ಏನಾಗುತ್ತದೆಂದು ಹೇಳಿ, ಹೆಸರು ಬರೆಸಿ ಬನ್ನಿ.