ನೀರಿಗಿಳಿದ ಮೇಲೆ ಏನು?



ಬೇಸಿಗೆ ರಜೆಯಲ್ಲಿ ಗಡಿಯಾಚೆಯ ಕೆಲವು ಕುಟುಂಬಗಳನ್ನು ಭೇಟಿಯಾಗಿ ಬರಲು ಹೋಗಿದ್ದೆ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಲ್ಲಿ ಒಳಗೆ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ ಆಡುವ ಮನೆಗಳು ಇಂದಿಗೂ ಇವೆ. ಉದಗೀರ ಕಡೆಯ ಅಂಥ ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಚಹಾ ಕುಡಿಯುತ್ತಿದ್ದಾಗ ತಾಯಿ ಮೆಲ್ಲಗೆ ದೂರು ತೆಗೆದರು.

"ಫಾದರ್, ದೊಡ್ಡವ ಕಾಲೇಜಿಂದ ಬಂದಾನಂದ್ರ ಕಂಪ್ಯೂಟರ್ ಮುಂದ ಕುಂತುಬಿಡ್ತಾನ್ರಿ. ಬರೇ ಗುಂಡು ಹೊಡಿಯೂದು. ಅದರಾಗ ದೀಕ್ಷಾಸ್ನಾನನೂ ತೋರಿಸ್ತಾರ. ಇದು ಪಾಪ ಅಲ್ಲೇನ್ರಿ?"

ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಎರಡು ಸಂಜೆ ಆ ಹುಡುಗನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಉಳಿದ ಕಥೆಯನ್ನು ಅವನೇ ಹೇಳಿದ.

ಆಟದ ಹೆಸರು 'ಬಯೋಶಾಕ್ ಇನ್ಫಿನಿಟ್'. ಅಮೆರಿಕದ ಇರ‍್ಯಾಷನಲ್ ಗೇಮ್ಸ್ ಸಂಸ್ಥೆ ಕೆನ್ ಲೆವಿನ್ ಅವರ ಮುಂದಾಳ್ತನದಲ್ಲಿ ತಯಾರಿಸಿ, 2013ರ ಮಾರ್ಚ್‌ನಲ್ಲಿ ಹೊರಬಂದದ್ದು. ಕಥೆ ನಡೆಯುವುದು 1912ರಲ್ಲಿ. ಆದರೆ ಅದು ನಾವು ಪುಸ್ತಕದಲ್ಲಿ ಓದಿದ 1912 ಅಲ್ಲ. ಆಕಾಶದಲ್ಲಿ ತೇಲುವ 'ಕೊಲಂಬಿಯಾ' ಎಂಬ ನಗರ, ಅದನ್ನು ಆಳುವ ಕಾಮ್‌ಸ್ಟಾಕ್ ಎಂಬ ಸ್ವಘೋಷಿತ ಪ್ರವಾದಿ. ಅಲ್ಲಿ ವಾಷಿಂಗ್ಟನ್, ಫ್ರಾಂಕ್ಲಿನ್, ಜೆಫರ್ಸನ್ ಅವರ ವಿಗ್ರಹಗಳಿಗೆ ಜನ ಪ್ರಾರ್ಥನೆ ಸಲ್ಲಿಸುತ್ತಾರೆ. ಕರಿಯರನ್ನು, ಐರಿಷ್ ಕೂಲಿಗಳನ್ನು ಕಾಲಕಸ ಮಾಡಿದ್ದಾರೆ. ನಗರದೊಳಗೆ ಕಾಲಿಡಬೇಕಾದರೆ ಮೊಂಬತ್ತಿ ಹಚ್ಚಿದ ಮಂದಿರವೊಂದರಲ್ಲಿ ನೀರಿನಲ್ಲಿ ಮುಳುಗಿ ಏಳಲೇಬೇಕು, ಬೇರೆ ದಾರಿಯಿಲ್ಲ. ಈ ದೃಶ್ಯ ಮನಸ್ಸಿಗೆ ಒಗ್ಗದೆ ಒಬ್ಬ ಆಟಗಾರ ಹಣ ವಾಪಸ್ ಕೇಳಿ ಪಡೆದದ್ದು 2013ರಲ್ಲಿ ಸುದ್ದಿಯಾಗಿತ್ತು. ಅವನ ನೋವು ನನಗೆ ಅರ್ಥವಾಗುತ್ತದೆ. ಬಲವಂತದ ದೀಕ್ಷಾಸ್ನಾನವನ್ನು ನಮ್ಮ ಧರ್ಮಸಭೆಯೂ ಒಪ್ಪುವುದಿಲ್ಲ.

ಇನ್ನು ಕಥೆಯ ಗುಟ್ಟನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆಡಬೇಕೆಂದಿರುವ ತರುಣರು ಕ್ಷಮಿಸಬೇಕು.

ನಾಯಕ ಬುಕರ್ ಡೆವಿಟ್ ಹಳೆಯ ಸೈನಿಕ. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೈನ್ಯ ಲಕೋಟಾ ಮೂಲನಿವಾಸಿಗಳನ್ನು, ಹೆಂಗಸರು ಮಕ್ಕಳೆನ್ನದೆ, ಕೊಂದುಹಾಕಿತು. ಇದು ಕಥೆಯಲ್ಲ, ನಿಜವಾದ ಚರಿತ್ರೆ. ಆಟದ ಬುಕರ್ ಆ ಹತ್ಯೆಯಲ್ಲಿ ಪಾಲುಗೊಂಡವನು. ಅಂತರಂಗ ಚುಚ್ಚತೊಡಗಿದಾಗ ದೀಕ್ಷಾಸ್ನಾನಕ್ಕೆಂದು ಹೊಳೆಗೆ ಬರುತ್ತಾನೆ. ಕಥೆ ಅಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಲೋಕದಲ್ಲಿ ಅವನು, ಇಷ್ಟು ನೀರು ಅಂಥ ಪಾಪವನ್ನು ತೊಳೆದೀತೇ ಎಂದು ಹಿಂದೆ ಸರಿಯುತ್ತಾನೆ. ಕುಡಿತ, ಜೂಜಿಗೆ ಬಿದ್ದು, ಸಾಲ ತೀರಿಸಲು ಹೆತ್ತ ಮಗಳನ್ನೇ ಮಾರುತ್ತಾನೆ. ಇನ್ನೊಂದು ಲೋಕದಲ್ಲಿ ನೀರಿಗಿಳಿದು, ಹೊಸ ಹೆಸರು ಪಡೆದು ಎದ್ದು ಬರುತ್ತಾನೆ. ಆ ಹೊಸ ಹೆಸರೇ ಕಾಮ್‌ಸ್ಟಾಕ್! ಪ್ರವಾದಿಯೂ ಅವನೇ. ತಾನು ಮಾಡಿದ ಹತ್ಯೆಗೆ ಅಳುವ ಬದಲು ಅದನ್ನೇ ವೀರಗಾಥೆ ಮಾಡಿ ತನ್ನ ನಗರದಲ್ಲಿ ಪ್ರದರ್ಶನಕ್ಕಿಡುತ್ತಾನೆ.

ಇದನ್ನು ಕೇಳಿದಾಗ ನನಗೆ ಸಂತ ಲೂಕರ ಶುಭಸಂದೇಶದ ಮೂರನೆಯ ಅಧ್ಯಾಯ ನೆನಪಾಯಿತು. ಜೋರ್ಡಾನ್ ನದಿಗೆ ಸ್ನಾನಿಕ ಯೊವಾನ್ನರ ಬಳಿ ಸೈನಿಕರೂ ಬಂದಿದ್ದರು. ನಾವೇನು ಮಾಡಬೇಕು ಎಂದು ಕೇಳಿದರು. ಯೊವಾನ್ನರು ಬರಿದೇ ನೀರಿಗಿಳಿಸಿ ಕಳುಹಿಸಲಿಲ್ಲ. ಯಾರನ್ನೂ ಬೆದರಿಸಿ ಸುಲಿಯಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂದು ಮಾಡಬೇಕಾದ ಕೆಲಸವನ್ನು ಹೇಳಿಯೇ ಕಳುಹಿಸಿದರು. ಕಾಮ್‌ಸ್ಟಾಕ್ ನೀರನ್ನು ಪಡೆದ, ಆ ಪ್ರಶ್ನೆಯನ್ನು ಕೇಳಲಿಲ್ಲ. ಹೀಗೆ ನೋಡಿದರೆ ಆಟ ಹಂಗಿಸುವುದು ನಮ್ಮ ಸಂಸ್ಕಾರವನ್ನಲ್ಲ, ಪಶ್ಚಾತ್ತಾಪವಿಲ್ಲದ ಧಾರ್ಮಿಕತೆಯನ್ನು. ಆ ಮಟ್ಟಿಗೆ ಅದರ ಮಾತು ನಮಗೂ ತಾಗಬೇಕು.

ಆದರೆ ಆಟ ಎಡವುವ ಕಡೆಗಳೂ ಇವೆ. ಕೊನೆಗೆ ಬುಕರ್ ಅದೇ ಹೊಳೆಯಲ್ಲಿ ಮುಳುಗಿ ಸಾಯುವುದೇ ಪರಿಹಾರವಾಗುತ್ತದೆ. ಮುಳುಗುವುದು ಆ ಕಥೆಗಾರರಿಗೆ ಗೊತ್ತು, ಏಳುವುದು ಗೊತ್ತಿಲ್ಲ. ಕ್ರಿಸ್ತರೊಡನೆ ಸತ್ತು ಕ್ರಿಸ್ತರೊಡನೆ ಏಳುವುದೇ ದೀಕ್ಷಾಸ್ನಾನವೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ತಿಳಿಸುತ್ತಾರೆ. ಎರಡನೆಯದಾಗಿ, ಹಿಂಸೆ ಕೆಟ್ಟದ್ದೆಂದು ಕಥೆ ಹೇಳುತ್ತದೆ, ಆಡುವ ಕೈಗಳಿಗೆ ಮಾತ್ರ ಗಂಟೆಗಟ್ಟಲೆ ಕೊಲ್ಲುವುದೇ ಕೆಲಸ. ಮುಖಕ್ಕೆ ಕೊಕ್ಕೆ ಹಾಕಿ ಕೊಲ್ಲುವ ದೃಶ್ಯಗಳನ್ನು ನಾನು ನೋಡಲಾರದೆ ಮುಖ ತಿರುಗಿಸಿದೆ. ಮೂರನೆಯದಾಗಿ, ತುಳಿತಕ್ಕೊಳಗಾದವರ ನಾಯಕಿ ಡೇಜಿ ಫಿಟ್ಜ್‌ರಾಯ್ ದಂಗೆಯೆದ್ದು ಕೊನೆಗೆ ಒಂದು ಮಗುವಿನ ಮೇಲೆಯೇ ಆಯುಧ ಎತ್ತುತ್ತಾಳೆ. ತುಳಿದವರನ್ನೂ ತುಳಿಸಿಕೊಂಡವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆಂದು ಬಹಳ ಮಂದಿ ಟೀಕಿಸಿದರು. 2014ರಲ್ಲಿ ಬಂದ ಹೆಚ್ಚುವರಿ ಭಾಗದಲ್ಲಿ ಆ ಪ್ರಸಂಗಕ್ಕೆ ಬೇರೆ ವಿವರಣೆ ಕೊಟ್ಟರು.

ಆ ದಂಗೆಯ ದೃಶ್ಯ ಪರದೆಯ ಮೇಲೆ ಬಂದಾಗಲೇ ಮೂಲೆಯ ಮಂಚದಲ್ಲಿ ಒರಗಿದ್ದ ಅಜ್ಜ ಎದ್ದು ಕುಳಿತರು. ಮನೆಗಳು ಉರಿಯುತ್ತಿದ್ದವು, ಜನ ಸಾಮಾನು ಹೊತ್ತು ಓಡುತ್ತಿದ್ದರು. "ನಮ್ಮ ಕಡೀನೂ ಹಿಂಗೇ ಆಗಿತ್ತು," ಎಂದರು.

ಆಗ ಅವರು ಎಂಟು ವರ್ಷದ ಹುಡುಗ. ಉದಗೀರ, ನಿಲಂಗಾ ಆಗ ನಿಜಾಮರ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು, ಅದು 2023ರಿಂದ ಧಾರಾಶಿವ. ರಜಾಕಾರರ ಹಾವಳಿಯನ್ನು ಜನ ಉಸಿರು ಬಿಗಿಹಿಡಿದು ಸಹಿಸಿದ್ದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂತು. 17ರಂದು ನಿಜಾಮರು ಕದನ ನಿಲ್ಲಿಸಿದರು. ಇಂದು ಗಡಿಯ ಎರಡೂ ಕಡೆ ಅದೇ ದಿನ ಧ್ವಜ ಹಾರುತ್ತದೆ. ಅದು ಹಾರಬೇಕಾದದ್ದೇ. ಆದರೆ ಅದರ ಬೆನ್ನಿಗೇ ಸೇಡಿನ ದಿನಗಳೂ ಬಂದವು. ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಮುಸಲ್ಮಾನ ಕುಟುಂಬಗಳು ಪ್ರಾಣ, ಮನೆ ಕಳೆದುಕೊಂಡವು. ಕೇಂದ್ರ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ, ನಾಂದೇಡ. ಆ ವರದಿ ಬಹುಕಾಲ ಬೆಳಕಿಗೆ ಬರಲಿಲ್ಲ.

ಅಜ್ಜ ಒಳಗೆ ಕೈ ತೋರಿಸಿದರು. "ಬಚ್ಚಲದಾಗ ಒಂದು ತಾಮ್ರದ ಹಂಡೆ ಅದ ನೋಡ್ರಿ. ಬಾಜೂಮನಿಯವರದು. ಅವ್ರು ಓಡಿಹೋದ ರಾತ್ರಿ ನಮ್ಮಪ್ಪ ತಂದ. ಅದರಾಗೇ ನೀರು ಕಾಸಿ ಎಲ್ಲರೂ ಮೈ ತೊಳಕೊಂಡೀವಿ."

ಯಾರೂ ಮಾತಾಡಲಿಲ್ಲ. ಮೊಮ್ಮಗ ಆಟ ನಿಲ್ಲಿಸಿದ.

ಸೇಡಿಗೆ ಹೊರಡದೆ ಊರು ಊರನ್ನು ಕಾಯ್ದುಕೊಂಡಿದ್ದರೆ ಏನಾಗುತ್ತಿತ್ತು? 1956ರ ನವೆಂಬರ್ 1ರಂದು ಗಡಿಗೆರೆ ಬೇರೆ ಕಡೆ ಬಿದ್ದಿದ್ದರೆ ಏನಾಗುತ್ತಿತ್ತು? ಇಂಥ 'ಆಗಿದ್ದರೆ'ಗಳಿಂದ ಆಟ ಕಟ್ಟಬಹುದು. ಬದುಕಿನಲ್ಲಿ ಹಿಂದಕ್ಕೆ ಹೋಗಿ ಬೇರೆ ಬಾಗಿಲು ತೆರೆಯಲು ಬರುವುದಿಲ್ಲ. ಆದರೆ ಹಂಡೆಯನ್ನು ಹಿಂದಿರುಗಿಸಲು ಬರುತ್ತದೆ. ಪಾಪನಿವೇದನೆಯಲ್ಲಿ ಪಾಪ ಕ್ಷಮಿಸಲ್ಪಡುತ್ತದೆ, ಆದರೆ ಪಾಪ ಮಾಡಿದ ಹಾನಿ ತಾನಾಗಿ ಸರಿಹೋಗುವುದಿಲ್ಲ, ಕದ್ದದ್ದನ್ನು ಕೈಲಾದಮಟ್ಟಿಗೆ ಹಿಂದಿರುಗಿಸಬೇಕು ಎಂಬುದು ಕಥೋಲಿಕ ಧರ್ಮೋಪದೇಶ. ಇದನ್ನೇ ಅಜ್ಜನಿಗೆ ಹೇಳಿದೆ.

ತಿಂಗಳಾದ ಮೇಲೆ ಮೊಮ್ಮಗ ಫೋನ್ ಮಾಡಿದ. ವಿಚಾರಿಸಿ ವಿಚಾರಿಸಿ, ಆ ಮನೆತನದ ಒಬ್ಬರು ನಿಲಂಗಾದಲ್ಲಿರುವುದನ್ನು ಪತ್ತೆಮಾಡಿ, ಅಜ್ಜನನ್ನೂ ಹಂಡೆಯನ್ನೂ ಕರೆದೊಯ್ದಿದ್ದ. ಅವರಿಗೆ ಹಂಡೆಯ ಸುದ್ದಿಯೇ ಗೊತ್ತಿರಲಿಲ್ಲವಂತೆ. ಆದರೂ ಇಸಿದುಕೊಂಡರು, ಚಹಾ ಕೊಟ್ಟರು. "ಬರುವಾಗ ಅಜ್ಜ ಏನೂ ಮಾತಾಡಲಿಲ್ಲ ಫಾದರ್, ಬಸ್ಸಿನಾಗ ನಿದ್ದಿ ಮಾಡಿದ," ಎಂದ. ಊರು, ಹೆಸರು ಬರೆಯದಿದ್ದರೆ ಇದನ್ನು ಬರೆಯಬಹುದೆಂದು ಅಜ್ಜನೇ ಒಪ್ಪಿಗೆ ಕೊಟ್ಟಿದ್ದಾರೆ.

ಹೆತ್ತವರಿಗೆ ನನ್ನ ಉತ್ತರ ಇಷ್ಟು. ಯುರೋಪಿನಲ್ಲಿ ಈ ಆಟಕ್ಕೆ 18 ವರ್ಷದ ಮಿತಿಯಿದೆ. ಅದನ್ನು ಮನೆಯಲ್ಲೂ ಪಾಲಿಸಿ. ನಾನು ಕುಳಿತಿದ್ದಾಗ ಆ ಮನೆಯ ಒಂಬತ್ತು ವರ್ಷದ ಚಿಕ್ಕವನು ಅಣ್ಣನ ಬೆನ್ನ ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದ, ಅದು ತಪ್ಪು. ಕಂಪ್ಯೂಟರನ್ನು ಮಕ್ಕಳು ಮಲಗುವ ಕೋಣೆಯಲ್ಲಿಡಬೇಡಿ. ದೊಡ್ಡ ಮಕ್ಕಳು ಆಡುವುದಾದರೆ ಒಂದು ಸಂಜೆಯಾದರೂ ಪಕ್ಕದಲ್ಲಿ ಕುಳಿತು, ಇವನು ಯಾಕೆ ಕೊಲ್ಲುತ್ತಾನೆ, ಕೊನೆಗೆ ಇವನಿಗೆ ಏನು ಬೇಕಾಗಿದೆ ಎಂದು ಕೇಳಿ. ಬೈದರೆ ಬಾಗಿಲು ಮುಚ್ಚಿಕೊಂಡು ಆಡುತ್ತಾರೆ, ಕೇಳಿದರೆ ಹೇಳುತ್ತಾರೆ.

ಆಟ ಮುಗಿದ ಮೇಲೆ ನಮ್ಮ ನಮ್ಮ ಬಚ್ಚಲುಮನೆಯನ್ನೂ ಒಮ್ಮೆ ನೋಡಿಕೊಳ್ಳೋಣ. ಹಿಂದಿರುಗಿಸಬೇಕಾದದ್ದು ಏನಾದರೂ ಇದೆಯೇ?

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.